ವೇಲ್ಸ್‌ನ ಹಳ್ಳಿಗಾಡಿನಲ್ಲಿ ಕೌನ್ಸಿಲ್ ಮುಂದೆ ಒಂದು ಗೊತ್ತುವಳಿ ತರುವುದು ಹೇಗೆ?

ಮಧ್ಯ ಮತ್ತು ಪಶ್ಚಿಮ ವೇಲ್ಸ್‌ನ ಆಸ್ಪತ್ರೆ, ಆರೈಕೆ ಕೇಂದ್ರ, ವಿಶ್ವವಿದ್ಯಾಲಯಗಳಿಗೆ ಕೆಲಸಕ್ಕೋ ಓದಿಗೋ ಬಂದು ನೆಲೆಸಿರುವ ಕನ್ನಡಿಗರು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ರೂಪದಲ್ಲಿ ಕೇಳುತ್ತಿರುತ್ತಾರೆ. ಪೇಟೆಯ ಶೌಚಾಲಯಕ್ಕೆ ಬೀಗ ಬಿದ್ದಿದೆ, ಶಾಲೆಯ ಮುಂದೆ ಮಕ್ಕಳು ರಸ್ತೆ ದಾಟುವುದು ಕಷ್ಟವಾಗಿದೆ, ಪಕ್ಕದ ಊರಿನ ಶಾಲೆ ಮುಚ್ಚುತ್ತಾರಂತೆ. ಇದನ್ನು ಕೌನ್ಸಿಲ್ ಸಭೆಯಲ್ಲಿ ಎತ್ತಿಸುವುದು ಹೇಗೆ, ಎತ್ತಿಸಿದರೆ ಏನಾಗುತ್ತದೆ? ಈ ಲೇಖನ ಅದಕ್ಕೆ ಉತ್ತರ. ಉದಾಹರಣೆಗಳನ್ನು ಹೆಚ್ಚಾಗಿ ಪೊವಿಸ್ ಮತ್ತು ಕೆರೆಡಿಗಿಯನ್ ಕೌಂಟಿಗಳಿಂದ ತೆಗೆದುಕೊಂಡಿದ್ದೇನೆ. ಗ್ವಿನೆದ್, ಕಾರ್ಮಾರ್ಥೆನ್‌ಶೈರ್ ಮುಂತಾದ ಕಡೆಯೂ ಚೌಕಟ್ಟು ಇದೇ. (ಕೆರೆಡಿಗಿಯನ್ ಹೆಸರನ್ನು ಇಂಗ್ಲಿಷ್ ಓದಿನ ಅಭ್ಯಾಸದಿಂದ ‘ಸೆರೆಡಿಜಿಯನ್’ ಎನ್ನಬೇಡಿ. ವೆಲ್ಷ್‌ನಲ್ಲಿ ಆ ಮೊದಲ ಅಕ್ಷರ Cಗೆ ಯಾವಾಗಲೂ ‘ಕ’ ಉಚ್ಚಾರಣೆ. ಸಭೆಯಲ್ಲಿ ಮಾತನಾಡುವ ದಿನ ಇದು ಸಣ್ಣ ವಿಷಯವಲ್ಲ.)

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸಬರ ಪ್ರಯತ್ನಗಳು ಸೋಲುವುದು ಸಾಮಾನ್ಯವಾಗಿ ಸಭೆಯಲ್ಲಿ ಯಾರೋ ವಿರೋಧಿಸಿದ್ದರಿಂದಲ್ಲ. ವಿಷಯ ಬೇರೆ ಸಂಸ್ಥೆಗೆ ಸೇರಿರುತ್ತದೆ, ಇಲ್ಲವೇ ಕಾರ್ಯಸೂಚಿಯ ಗಡುವು ಕಳೆದಿರುತ್ತದೆ, ಇಲ್ಲವೇ ಗೊತ್ತುವಳಿಯ ಕೊನೆಯ ಸಾಲು ಯಾರಿಗೂ ಏನನ್ನೂ ಮಾಡಲು ಹೇಳಿರುವುದಿಲ್ಲ. ಈ ಮೂರೂ ಸಭೆಗೆ ಮುಂಚೆಯೇ ಆಗುವ ತಪ್ಪುಗಳು. ಆದ್ದರಿಂದ ಈ ಮಾರ್ಗದರ್ಶಿಯ ಬಹುಭಾಗ ಸಭೆಗೆ ಮುಂಚಿನ ಕೆಲಸವನ್ನೇ ಕುರಿತದ್ದು.

ಮೊದಲು ತಿಳಿದಿರಬೇಕಾದ ಪದಗಳು

ವೇಲ್ಸ್‌ನಲ್ಲಿ 1996ರಿಂದ 22 ಮುಖ್ಯ ಕೌನ್ಸಿಲ್‌ಗಳಿವೆ. ಹಳ್ಳಿಗಾಡಿನಲ್ಲಿ ಇವನ್ನು ಕೌಂಟಿ ಕೌನ್ಸಿಲ್ ಎನ್ನುತ್ತಾರೆ. ಶಾಲೆ, ಸಾಮಾಜಿಕ ಆರೈಕೆ, ಕಸ ವಿಲೇವಾರಿ, ಸ್ಥಳೀಯ ರಸ್ತೆ, ಗ್ರಂಥಾಲಯಗಳೆಲ್ಲ ಇವುಗಳ ಕೈಯಲ್ಲಿವೆ. ಇವುಗಳ ಕೆಳಗೆ, ಹಳ್ಳಿ ಅಥವಾ ಸಣ್ಣ ಪಟ್ಟಣದ ಮಟ್ಟದಲ್ಲಿ, 700ಕ್ಕೂ ಹೆಚ್ಚು ಸಮುದಾಯ ಕೌನ್ಸಿಲ್‌ಗಳೂ ಪಟ್ಟಣ ಕೌನ್ಸಿಲ್‌ಗಳೂ ಇವೆ. ನಮ್ಮವರು ಸಮುದಾಯ ಕೌನ್ಸಿಲ್ಲನ್ನು ಗ್ರಾಮ ಪಂಚಾಯಿತಿಯೆಂದೇ ತಿಳಿಯುವುದುಂಟು. ಹೋಲಿಕೆ ಅರ್ಧ ಮಾತ್ರ ಸರಿ. ಅಲ್ಲಿ ಪಿಡಿಒ ಇಲ್ಲ, ಯೋಜನೆಗಳ ಅನುದಾನವಿಲ್ಲ. ಇರುವುದು ವಾರದಲ್ಲಿ ಕೆಲವೇ ಗಂಟೆ ಕೆಲಸ ಮಾಡುವ ಒಬ್ಬ ಕ್ಲರ್ಕ್, ಮತ್ತು ಕೌಂಟಿಯ ಕೌನ್ಸಿಲ್ ತೆರಿಗೆಯ ಜೊತೆಯಲ್ಲಿ ವಸೂಲಾಗಿ ಬರುವ ಒಂದು ಸಣ್ಣ ಮೊತ್ತ. ಈ ಮೊತ್ತಕ್ಕೆ ಪ್ರಿಸೆಪ್ಟ್ ಎಂದು ಹೆಸರು.

ಸದಸ್ಯರೊಬ್ಬರು ಸಭೆಯ ಮುಂದಿಟ್ಟು ಒಪ್ಪಿಗೆ ಕೇಳುವ ಪ್ರಸ್ತಾವವನ್ನು ಇಲ್ಲಿ ಗೊತ್ತುವಳಿ ಎಂದು ಕರೆಯುತ್ತೇನೆ. ಅದು ಅಂಗೀಕಾರವಾದ ಮೇಲೆ ಠರಾವು. ಮಂಡಿಸುವವರು ಸೂಚಕರು, ಬೆಂಬಲಿಸುವವರು ಅನುಮೋದಕರು. ಸಭೆಯ ನಂತರದ ಅಧಿಕೃತ ದಾಖಲೆಯೇ ನಡಾವಳಿ. ಪ್ರತಿ ಕೌಂಟಿ ಕೌನ್ಸಿಲ್‌ಗೂ ಒಂದು ‘ಸಂವಿಧಾನ’ ಇರುತ್ತದೆ. ಹೆಸರು ಕೇಳಿ ಗಾಬರಿಯಾಗಬೇಡಿ, ಅದು ಆ ಕೌನ್ಸಿಲ್‌ನ ನಿಯಮಾವಳಿಯ ಪುಸ್ತಕವಷ್ಟೇ. ಸ್ಥಳೀಯ ಸರ್ಕಾರ ಮತ್ತು ಚುನಾವಣೆಗಳನ್ನು ಕುರಿತ ವೇಲ್ಸ್‌ನ 2021ರ ಕಾಯ್ದೆಯ ಪ್ರಕಾರ ಅದನ್ನೂ, ಅದಕ್ಕೊಂದು ಸರಳ ಕೈಪಿಡಿಯನ್ನೂ ಪ್ರಕಟಿಸುವುದು ಕಡ್ಡಾಯ. ಕೈಪಿಡಿ ಓದಲು ಸುಲಭ. ಆದರೆ ಗಡುವುಗಳು ಬೇಕಾದಾಗ ಮೂಲ ಪುಸ್ತಕದ ‘ಕೌನ್ಸಿಲ್ ಸಭಾ ನಿಯಮಗಳು’ ಎಂಬ ಭಾಗವನ್ನೇ ತೆರೆಯಬೇಕು.

ಹಂತ 1: ವಿಷಯ ಯಾರಿಗೆ ಸೇರಿದ್ದೆಂದು ಖಚಿತಪಡಿಸಿಕೊಳ್ಳಿ

ಅವಸರ ಮಾಡಬಾರದ ಹಂತ ಇದು. ಕೆರೆಡಿಗಿಯನ್ ಕೌನ್ಸಿಲ್‌ನ ಸಭಾಂಗಣ ಇರುವುದು ಅಬೆರೈರಾನ್ ಎಂಬ ಕಡಲ ತೀರದ ಪಟ್ಟಣದಲ್ಲಿ. ಆ ಪಟ್ಟಣದ ನಡುವೆಯೇ ಹಾದುಹೋಗುವ ಎ487 ರಸ್ತೆ ಮಾತ್ರ ಕೌನ್ಸಿಲ್‌ನದಲ್ಲ. ಅದು ವೇಲ್ಸ್ ಸರ್ಕಾರದ ಹೆದ್ದಾರಿ. ಪೊವಿಸ್‌ನ ಆಡಳಿತ ಕೇಂದ್ರವಾದ ಲ್ಯಾಂಡ್ರಿಂಡೋಡ್ ವೆಲ್ಸ್ ಮೂಲಕ ಸಾಗುವ ಎ483, ಉತ್ತರದಿಂದ ದಕ್ಷಿಣಕ್ಕೆ ಇಡೀ ದೇಶವನ್ನು ಸೀಳಿಕೊಂಡು ಹೋಗುವ ಎ470 ಇವುಗಳ ಕಥೆಯೂ ಅಷ್ಟೇ. ಈ ಹೆದ್ದಾರಿಗಳ ಮೇಲೆ ಪಾದಚಾರಿ ದಾಟುದಾರಿ ಬೇಕೆಂದು ಕೌಂಟಿ ಕೌನ್ಸಿಲ್ಲನ್ನು ಕೇಳಿದರೆ ಅದು ಹೆಚ್ಚೆಂದರೆ ಸರ್ಕಾರಕ್ಕೊಂದು ಪತ್ರ ಬರೆಯಬಹುದು. ಈ ಎರಡು ಕೌಂಟಿಗಳಲ್ಲಿ ಹೆದ್ದಾರಿಗಳನ್ನು ನೋಡಿಕೊಳ್ಳುವುದು ಉತ್ತರ ಮತ್ತು ಮಧ್ಯ ವೇಲ್ಸ್ ಹೆದ್ದಾರಿ ಏಜೆನ್ಸಿ. ಮೊದಲು ಅಲ್ಲಿಗೆ ಬರೆದು, ಅದರ ಪ್ರತಿಯನ್ನು ನಿಮ್ಮ ಕೌಂಟಿ ಸದಸ್ಯರಿಗೆ ಕಳಿಸುವುದು ಸರಿಯಾದ ಕ್ರಮ.

ವೇಗಮಿತಿಯ ವಿಷಯದಲ್ಲಿ ಇನ್ನೊಂದು ಎಳೆಯಿದೆ. 2023ರ ಸೆಪ್ಟೆಂಬರ್ 17ರಿಂದ ವೇಲ್ಸ್‌ನ ಜನವಸತಿ ಪ್ರದೇಶದ ರಸ್ತೆಗಳ ಸಾಮಾನ್ಯ ಮಿತಿ ಗಂಟೆಗೆ 20 ಮೈಲಿ. ಇದು ವೇಲ್ಸ್ ಸರ್ಕಾರದ ಕಾನೂನು. ಇದನ್ನು ರದ್ದುಮಾಡಿ ಎಂಬ ಗೊತ್ತುವಳಿಯಿಂದ ಕೌಂಟಿಯಲ್ಲಿ ಏನೂ ಬದಲಾಗದು. ಆದರೆ ತನ್ನ ಯಾವ ರಸ್ತೆಗೆ 30 ಮೈಲಿಯ ವಿನಾಯಿತಿ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬುದನ್ನು ತೀರ್ಮಾನಿಸುವುದು ಕೌಂಟಿಯೇ. ಆದ್ದರಿಂದ ಕೇಳುವುದಿದ್ದರೆ ಇಂಥ ರಸ್ತೆಯ ಇಂಥ ತುಣುಕು ಎಂದು ಹೆಸರು ಹಿಡಿದು ಕೇಳಿ.

ಆಸ್ಪತ್ರೆಗಳು ಕೌನ್ಸಿಲ್‌ಗೆ ಸೇರಿದವಲ್ಲ, ಆರೋಗ್ಯ ಮಂಡಳಿಗಳಿಗೆ ಸೇರಿದವು: ಪೊವಿಸ್‌ಗೆ ತನ್ನದೇ ಮಂಡಳಿಯಿದೆ, ಕೆರೆಡಿಗಿಯನ್ ಮತ್ತು ಕಾರ್ಮಾರ್ಥೆನ್‌ಶೈರ್ ಹವೆಲ್ ದಾ ಮಂಡಳಿಯ ಕೆಳಗೆ ಬರುತ್ತವೆ. ಆರೋಗ್ಯ ಸೇವೆಯ ಬಗ್ಗೆ ಜನರ ಪರವಾಗಿ ಮಾತನಾಡಲು 2023ರ ಏಪ್ರಿಲ್‌ನಿಂದ ‘ಲ್ಲೈಸ್’ ಎಂಬ ಸ್ವತಂತ್ರ ಸಂಸ್ಥೆ ಇದೆ. ದನಿ ಎಂದು ಆ ಪದದ ಅರ್ಥ. ನಲ್ಲಿ ನೀರು ಮತ್ತು ಒಳಚರಂಡಿಗೆ ಹೆಚ್ಚಿನ ಕಡೆ ‘ದೂರ್ ಕಮ್ರಿ’ ಕಂಪನಿ. ಇಲ್ಲಿ ‘ದೂರ್’ ಎಂದರೆ ನೀರು. ನಮ್ಮ ದೂರು ಬೇರೆ, ಆದರೆ ಅದನ್ನು ಕೊಡಬೇಕಾದದ್ದೂ ಅಲ್ಲಿಗೇ. ವೀಸಾ, ವಲಸೆ, ಪಿಂಚಣಿಯ ವಿಷಯಗಳು ಲಂಡನ್‌ಗೆ ಸೇರಿದವು.

ಕಟ್ಟಡ ಪರವಾನಗಿಯ ವಿಷಯದಲ್ಲಿ ನಕ್ಷೆ ನೋಡದೆ ಮುಂದುವರಿಯಬೇಡಿ. ಪೊವಿಸ್‌ನ ದಕ್ಷಿಣ ಭಾಗ ಬನ್ನೈ ಬ್ರಖೇನಿಯೋಗ್ ರಾಷ್ಟ್ರೀಯ ಉದ್ಯಾನದೊಳಗಿದೆ (ಹಿಂದೆ ಇದು ಬ್ರೆಕನ್ ಬೀಕನ್ಸ್ ಎಂದು ಪ್ರಸಿದ್ಧವಾಗಿತ್ತು). ಅಲ್ಲಿನ ಕಟ್ಟಡ ಅರ್ಜಿಗಳನ್ನು ತೀರ್ಮಾನಿಸುವುದು ಉದ್ಯಾನದ ಪ್ರಾಧಿಕಾರ, ಕೌಂಟಿಯಲ್ಲ. ಕಸ ಒಯ್ಯುವುದು ಕೌಂಟಿ, ಮನೆ ಕಟ್ಟಲು ಒಪ್ಪಿಗೆ ಕೊಡುವುದು ಉದ್ಯಾನ: ಒಂದೇ ಬೀದಿಗೆ ಎರಡು ಯಜಮಾನಿಕೆ.

ಹಂತ 2: ಮತದಾರರ ಪಟ್ಟಿಗೆ ಸೇರಿಕೊಳ್ಳಿ

ಸದಸ್ಯರಿಗೆ ಬರೆಯಲು, ಸಭೆಗೆ ಹೋಗಿ ಕೂರಲು ನೀವು ಮತದಾರರಾಗಿರಲೇಬೇಕೆಂದಿಲ್ಲ. ಆದರೂ ಸೇರಿಕೊಳ್ಳಿ. ಕಾನೂನುಬದ್ಧ ವೀಸಾದ ಮೇಲೆ ವಾಸಿಸುವ ಭಾರತೀಯ ಪ್ರಜೆಗಳು ಕಾಮನ್‌ವೆಲ್ತ್ ಪ್ರಜೆಗಳೆಂಬ ನೆಲೆಯಲ್ಲಿ ಇಲ್ಲಿ ಮತ ಹಾಕಬಹುದು ಎಂಬುದು ನಮ್ಮಲ್ಲಿ ಅನೇಕರಿಗೆ ವರ್ಷಗಟ್ಟಲೆ ತಿಳಿದಿರುವುದಿಲ್ಲ. ವೇಲ್ಸ್‌ನ ಸ್ಥಳೀಯ ಚುನಾವಣೆಯಲ್ಲಿ 16 ತುಂಬಿದವರಿಗೆ ಮತವಿದೆ. ಮತಗಟ್ಟೆಯಲ್ಲಿ ಫೋಟೊ ಇರುವ ಗುರುತಿನ ಚೀಟಿ ತೋರಿಸಬೇಕಾಗಿಲ್ಲ. ಕೌನ್ಸಿಲ್‌ಗಳ ಅವಧಿ ಐದು ವರ್ಷ. ಕಳೆದ ಚುನಾವಣೆ 2022ರ ಮೇ 5ರಂದು ನಡೆಯಿತು, ಮುಂದಿನದು 2027ರ ಮೇ ತಿಂಗಳಿನಲ್ಲಿ.

ಹಂತ 3: ಸಮುದಾಯ ಕೌನ್ಸಿಲ್‌ನಿಂದ ಆರಂಭಿಸಿ

ದೊಡ್ಡವರನ್ನೇ ನೇರವಾಗಿ ಹಿಡಿಯೋಣ ಎಂಬ ನಮ್ಮ ಊರಿನ ಲೆಕ್ಕಾಚಾರ ಇಲ್ಲಿ ಅಷ್ಟಾಗಿ ಫಲ ಕೊಡುವುದಿಲ್ಲ. ‘ನಮ್ಮ ಸಮುದಾಯ ಕೌನ್ಸಿಲ್ ಇದನ್ನು ಒಪ್ಪಿದೆ’ ಎಂಬ ಒಂದು ಸಾಲು ಕೌಂಟಿ ಸದಸ್ಯರ ಕೈಯಲ್ಲಿದ್ದರೆ ಅದು ಐವತ್ತು ಮಿಂಚಂಚೆಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಜೊತೆಗೆ ಇಲ್ಲಿ ನಿಮಗೆ ಕಾನೂನಿನ ಆಸರೆಯೂ ಇದೆ: ಅಂದಿನ ಕಾರ್ಯಸೂಚಿಯಲ್ಲಿರುವ ವಿಷಯದ ಬಗ್ಗೆ ಮಾತನಾಡಲು ಹಾಜರಿರುವ ಸಾರ್ವಜನಿಕರಿಗೆ ಅಧ್ಯಕ್ಷರು ತಕ್ಕಮಟ್ಟಿನ ಅವಕಾಶ ಕೊಡಲೇಬೇಕೆಂದು 2021ರ ಕಾಯ್ದೆ ಹೇಳುತ್ತದೆ. ದೂರದಿಂದ ಆನ್‌ಲೈನ್ ಮೂಲಕ ಸೇರಿಕೊಳ್ಳುವ ವ್ಯವಸ್ಥೆಯೂ ಇರಬೇಕು. ರಾತ್ರಿ ಪಾಳಿಯಲ್ಲಿರುವವರಿಗೆ ಇದು ದೊಡ್ಡ ಅನುಕೂಲ.

‘ಕಾರ್ಯಸೂಚಿಯಲ್ಲಿರುವ ವಿಷಯ’ ಎಂಬ ಮಾತನ್ನು ಮತ್ತೊಮ್ಮೆ ಗಮನಿಸಿ. ಸಭೆಯ ಸೂಚನಾಪತ್ರ ಮತ್ತು ಕಾರ್ಯಸೂಚಿಯನ್ನು ಮೂರು ಪೂರ್ಣ ದಿನ ಮುಂಚಿತವಾಗಿ ಪ್ರಕಟಿಸಬೇಕು. ಪೂರ್ಣ ದಿನ ಎಂದರೆ ಪ್ರಕಟಿಸಿದ ದಿನ, ಸಭೆಯ ದಿನ, ಭಾನುವಾರ ಮತ್ತು ಸರ್ಕಾರಿ ರಜೆ ಇವು ಯಾವುವೂ ಲೆಕ್ಕಕ್ಕಿಲ್ಲ. ಸಭೆ ಗುರುವಾರವಿದ್ದರೆ ಸೋಮವಾರ, ಮಂಗಳವಾರ, ಬುಧವಾರ ಪೂರ್ತಿಯಾಗಿ ಉಳಿದಿರಬೇಕು. ಹಾಗಾಗಿ ಕ್ಲರ್ಕ್ ಹಿಂದಿನ ವಾರವೇ ಪಟ್ಟಿ ಮುಗಿಸಿರುತ್ತಾರೆ. ಪಟ್ಟಿಯಲ್ಲಿಲ್ಲದ ವಿಷಯದ ಮೇಲೆ ಸಭೆ ಕಾನೂನಿನಂತೆ ತೀರ್ಮಾನ ಮಾಡುವಂತಿಲ್ಲ. ಸಭೆಯ ಕೊನೆಗೆ ‘ಇತರ ವಿಷಯಗಳು’ ಎಂದಾಗ ಎದ್ದುನಿಂತು ನೀವು ಎಷ್ಟೇ ಮನಮುಟ್ಟುವಂತೆ ಮಾತನಾಡಿದರೂ, ಸದಸ್ಯರೆಲ್ಲ ತಲೆಯಾಡಿಸಿದರೂ, ಅಲ್ಲಿ ಠರಾವು ಆಗುವುದಿಲ್ಲ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ.

ಆದ್ದರಿಂದ ಮಾಡಬೇಕಾದದ್ದು ಇಷ್ಟು. ಸಭೆಗೆ ಎರಡು ವಾರ ಮುಂಚೆ ಕ್ಲರ್ಕ್‌ಗೆ ಚಿಕ್ಕ ಪತ್ರ ಬರೆಯಿರಿ: ವಿಷಯ ಏನು, ಎಲ್ಲಿ, ಎಂದಿನಿಂದ, ಕೌನ್ಸಿಲ್ ಏನು ಮಾಡಬೇಕೆಂದು ನಿಮ್ಮ ಕೋರಿಕೆ, ಇದನ್ನು ಕಾರ್ಯಸೂಚಿಗೆ ಸೇರಿಸಬಹುದೇ. ಒಬ್ಬ ಸದಸ್ಯರಿಗೂ ಅದನ್ನೇ ಕಳಿಸಿ, ಏಕೆಂದರೆ ಗೊತ್ತುವಳಿಯನ್ನು ಮಂಡಿಸುವುದು ಸದಸ್ಯರಿಗೆ ಮಾತ್ರ ಸಾಧ್ಯ; ನೀವು ಮಾತನಾಡಬಹುದು, ಮಂಡಿಸುವಂತಿಲ್ಲ. ಕ್ಲರ್ಕ್‌ಗಳ ಜೊತೆ ಸೌಜನ್ಯದಿಂದಿರಿ. ಅವರು ಅಧಿಕಾರಿಗಳ ದಂಡಿನ ಮೇಲಿರುವವರಲ್ಲ, ಅಡುಗೆಮನೆಯ ಮೇಜಿನ ಮೇಲೆ ಕೌನ್ಸಿಲ್‌ನ ಕಡತ ಹರಡಿಕೊಂಡು ಕೂತಿರುವ ಒಬ್ಬಂಟಿಗಳು.

ಖರ್ಚಿನ ಕೋರಿಕೆಯಾದರೆ, ಉದಾಹರಣೆಗೆ ಬಸ್ ತಂಗುದಾಣ, ಬೆಂಚು, ಹೃದಯಾಘಾತದ ತುರ್ತಿಗೆ ಬಳಸುವ ಡಿಫಿಬ್ರಿಲೇಟರ್, ಅದನ್ನು ಶರತ್ಕಾಲದಲ್ಲೇ ತನ್ನಿ. ಮುಂದಿನ ವರ್ಷದ ಪ್ರಿಸೆಪ್ಟ್ ಮೊತ್ತ ಸಾಮಾನ್ಯವಾಗಿ ಡಿಸೆಂಬರ್, ಜನವರಿಯ ಸಭೆಗಳಲ್ಲಿ ನಿಗದಿಯಾಗುತ್ತದೆ. ಮಾರ್ಚ್‌ನಲ್ಲಿ ಕೇಳಿದರೆ ‘ಒಳ್ಳೆಯ ಯೋಚನೆ, ಹಣವಿಲ್ಲ’ ಎಂಬ ಉತ್ತರ ಖಚಿತ. ಅನೇಕ ಸಮುದಾಯ ಕೌನ್ಸಿಲ್‌ಗಳು ಆಗಸ್ಟ್‌ನಲ್ಲಿ ಸಭೆ ಸೇರುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಕೋರಂ ಬಗ್ಗೆಯೂ ಒಂದು ಮಾತು: ಸದಸ್ಯರಲ್ಲಿ ಮೂರನೇ ಒಂದು ಭಾಗ, ಅದೂ ಮೂವರಿಗೆ ಕಡಿಮೆಯಿಲ್ಲದಂತೆ ಹಾಜರಿರಬೇಕು. ಕುರಿಗಳು ಮರಿಹಾಕುವ ವಸಂತದ ವಾರಗಳಲ್ಲಿ ಸದಸ್ಯರಲ್ಲಿ ರೈತರು ಹೆಚ್ಚಿರುವ ಹಳ್ಳಿಯ ಸಭೆಗೆ ಇಷ್ಟು ಜನ ಸೇರುವುದೂ ಕಷ್ಟವಾಗಬಹುದು.

ಹಂತ 4: ಕೌಂಟಿ ಸದಸ್ಯರನ್ನು ಒಪ್ಪಿಸಿ

ಪೊವಿಸ್ ವಿಸ್ತೀರ್ಣದಲ್ಲಿ ವೇಲ್ಸ್‌ನ ಅತಿದೊಡ್ಡ ಕೌಂಟಿ, ದೇಶದ ಸುಮಾರು ಕಾಲು ಭಾಗ. ಆದರೆ 2021ರ ಜನಗಣತಿಯಂತೆ ಜನಸಂಖ್ಯೆ ಸುಮಾರು 1,33,000. ಅಲ್ಲಿ 68 ಸದಸ್ಯರಿದ್ದಾರೆ, ಕೆರೆಡಿಗಿಯನ್‌ನಲ್ಲಿ 38. ನಿಮ್ಮ ವಾರ್ಡಿನ ಸದಸ್ಯರು ಯಾವ ಪಕ್ಷದವರೆಂದು ನೋಡಿ ಹಿಂಜರಿಯಬೇಕಿಲ್ಲ. ಹಳ್ಳಿಗಾಡಿನಲ್ಲಿ ಪಕ್ಷೇತರರೂ ಸಾಕಷ್ಟಿದ್ದಾರೆ, ಊರಿನ ವಿಷಯಕ್ಕೆ ಪಕ್ಷ ಅಷ್ಟಾಗಿ ಅಡ್ಡಬರುವುದಿಲ್ಲ.

ಅವರಿಗೆ ಬರೆಯುವಾಗ ಒಂದೇ ಪುಟ ಸಾಕು. ಸಮುದಾಯ ಕೌನ್ಸಿಲ್‌ನ ಠರಾವನ್ನು ಲಗತ್ತಿಸಿ. ಅಂಕಿಅಂಶ ಬೇಕಿದ್ದರೆ ಮಾಹಿತಿ ಹಕ್ಕಿನ ಕಾನೂನಿನಡಿ ಕೌಂಟಿಯನ್ನು ಕೇಳಬಹುದು. ಉತ್ತರಕ್ಕೆ 20 ಕೆಲಸದ ದಿನಗಳ ಗಡುವಿದೆ, ಆದ್ದರಿಂದ ಈ ಅರ್ಜಿಯನ್ನು ಮೊದಲೇ ಹಾಕಿಟ್ಟಿರಿ. ಆಮೇಲೆ ನೇರವಾಗಿ ಕೇಳಿ: ಇದು ಗೊತ್ತುವಳಿಗೆ ತಕ್ಕ ವಿಷಯವೇ, ಅಥವಾ ಅಧಿಕಾರಿಗೆ ಒಂದು ಫೋನ್ ಮಾಡಿದರೆ ಮುಗಿಯುವುದೇ? ಫೋನಿನಲ್ಲಿ ಮುಗಿಯುವುದನ್ನು ಪೂರ್ಣ ಸಭೆಗೆ ಒಯ್ಯುವುದು ಎಲ್ಲರ ಸಮಯ ಹಾಳು. ಮುರಿದ ಚರಂಡಿ ಮುಚ್ಚಳಕ್ಕೆ ಠರಾವು ಬೇಡ.

ಒಂದು ಎಚ್ಚರಿಕೆ. ನಿಮ್ಮ ಸದಸ್ಯರು ಕಟ್ಟಡ ಯೋಜನಾ ಸಮಿತಿಯಲ್ಲಿದ್ದು, ನಿಮ್ಮ ವಿಷಯ ಆ ಸಮಿತಿಗೆ ಬರಲಿರುವ ಅರ್ಜಿಯಾದರೆ, ‘ವಿರೋಧಿಸುತ್ತೇನೆ ಎಂದು ಮಾತು ಕೊಡಿ’ ಎಂದು ಒತ್ತಾಯಿಸಬೇಡಿ. ಸಭೆಗೆ ಮುಂಚೆಯೇ ಮನಸ್ಸು ಗಟ್ಟಿಮಾಡಿಕೊಂಡವರು ಅಲ್ಲಿ ಮತ ಹಾಕುವಂತಿಲ್ಲ. ನಿಮ್ಮ ಒತ್ತಾಯದಿಂದ ಒಂದು ಮತ ಕಳೆದುಹೋದೀತು.

ಹಂತ 5: ಗೊತ್ತುವಳಿಯನ್ನು ಬರೆಯುವುದು

ಕೌಂಟಿ ಕೌನ್ಸಿಲ್‌ನಲ್ಲಿ ಎರಡು ಅಧಿಕಾರ ಕೇಂದ್ರಗಳಿವೆ. ಎಲ್ಲ ಸದಸ್ಯರೂ ಸೇರುವ ಪೂರ್ಣ ಕೌನ್ಸಿಲ್ ಬಜೆಟ್, ಕೌನ್ಸಿಲ್ ತೆರಿಗೆ, ದೊಡ್ಡ ನೀತಿಗಳು ಮತ್ತು ತನ್ನ ಸಂವಿಧಾನವನ್ನು ತೀರ್ಮಾನಿಸುತ್ತದೆ. ರಸ್ತೆ, ಶಾಲೆ, ಆರೈಕೆ ಮುಂತಾದ ದಿನನಿತ್ಯದ ಆಡಳಿತ ಕ್ಯಾಬಿನೆಟ್‌ಗೆ, ಅಂದರೆ ನಾಯಕರು ಮತ್ತು ಅವರು ಆರಿಸಿಕೊಂಡ ಕೆಲವು ಸದಸ್ಯರ ಗುಂಪಿಗೆ ಸೇರಿದ್ದು. ಕ್ಯಾಬಿನೆಟ್‌ನ ಕೆಲಸವನ್ನು ಒರೆಗೆ ಹಚ್ಚುವುದು ಅದರ ಹೊರಗಿನ ಸದಸ್ಯರಿರುವ ಪರಿಶೀಲನಾ ಸಮಿತಿ. ಗೊತ್ತುವಳಿ ಬರುವುದು ಪೂರ್ಣ ಕೌನ್ಸಿಲ್ ಮುಂದೆ. ಆದರೆ ವಿಷಯ ಕ್ಯಾಬಿನೆಟ್‌ನದಾದರೆ ಪೂರ್ಣ ಕೌನ್ಸಿಲ್ ಅದಕ್ಕೆ ಆಜ್ಞೆ ಮಾಡುವಂತಿಲ್ಲ, ಕೋರಬಹುದು ಅಷ್ಟೇ. ‘ಠರಾವು ಆಯಿತಲ್ಲ, ಇನ್ನೂ ಯಾಕೆ ಶೌಚಾಲಯ ತೆರೆದಿಲ್ಲ’ ಎಂಬ ಸಿಟ್ಟಿನ ಮೂಲ ಇಲ್ಲಿದೆ. ಠರಾವು ಆದದ್ದು ನಿಜ, ಅದರಲ್ಲಿದ್ದದ್ದು ಕೋರಿಕೆ.

ಹಾಗಾದರೆ ಪ್ರಯೋಜನವೇನು? ಕೋರಿಕೆಗೆ ದಿನಾಂಕವನ್ನೂ, ಹೊಣೆ ಹೊರುವವರನ್ನೂ, ಮರಳಿ ವರದಿ ಮಾಡುವ ಕರಾರನ್ನೂ ಕಟ್ಟಿದರೆ ಅದು ತಾನಾಗಿಯೇ ಕರಗಿಹೋಗಲಾರದು. ಕಾರ್ಮಾರ್ಥೆನ್‌ಶೈರ್ ಕೌನ್ಸಿಲ್ 2019ರ ಫೆಬ್ರವರಿಯಲ್ಲಿ ಹವಾಮಾನ ತುರ್ತುಸ್ಥಿತಿಯ ಗೊತ್ತುವಳಿಯನ್ನು ಅಂಗೀಕರಿಸಿದಾಗ ಘೋಷಣೆಗೇ ನಿಲ್ಲದೆ 2030ರೊಳಗೆ ತನ್ನ ಇಂಗಾಲ ಹೊರಸೂಸುವಿಕೆಯನ್ನು ನಿವ್ವಳ ಶೂನ್ಯಕ್ಕೆ ತರುವ ಗುರಿಯನ್ನೂ ಸೇರಿಸಿತ್ತು. ಮರುವರ್ಷವೇ ಅದರ ಯೋಜನೆ ಕೌನ್ಸಿಲ್ ಮುಂದೆ ಬಂತು. ಇದಕ್ಕೆ ಪ್ರತಿಯಾಗಿ, ವೇಲ್ಸ್‌ನ ಬಹುಪಾಲು ಕೌಂಟಿಗಳು ಇತ್ತೀಚಿನ ವರ್ಷಗಳಲ್ಲಿ ಕ್ರೌನ್ ಎಸ್ಟೇಟ್‌ನ (ಬ್ರಿಟನ್ ರಾಜಪೀಠದ ಹೆಸರಿನಲ್ಲಿರುವ ಆಸ್ತಿ) ಭೂಮಿ ಮತ್ತು ಕಡಲತಳದ ಆದಾಯ ವೇಲ್ಸ್‌ಗೇ ಸೇರಬೇಕೆಂದು ಠರಾವು ಮಾಡಿದವು. ಅಧಿಕಾರ ಲಂಡನ್‌ನಲ್ಲಿರುವುದರಿಂದ 2025ರಲ್ಲಿ ಬಂದ ಕ್ರೌನ್ ಎಸ್ಟೇಟ್ ಕಾಯ್ದೆಯಲ್ಲಿ ಆ ಬೇಡಿಕೆ ಸೇರಲಿಲ್ಲ. ಎರಡನೆಯ ಬಗೆಯ ಗೊತ್ತುವಳಿಗೂ ರಾಜಕೀಯ ಬೆಲೆ ಇದೆ, ಆದರೆ ಅದು ಸಂದೇಶ. ನಿಮ್ಮದು ಯಾವ ಬಗೆಯದು ಎಂಬುದು ನಿಮಗೆ ಸ್ಪಷ್ಟವಿರಲಿ.

ರೂಪ ಹೀಗಿರುತ್ತದೆ. ಮೊದಲು ‘ಗಮನಿಸುತ್ತದೆ’ ಎಂಬ ಭಾಗದಲ್ಲಿ ವಿವಾದವಿಲ್ಲದ ಸಂಗತಿಗಳು. ನಂತರ ‘ನಿರ್ಣಯಿಸುತ್ತದೆ’ ಎಂಬ ಭಾಗದಲ್ಲಿ ಕೆಲಸಗಳು. ನಡುವೆ ‘ನಂಬುತ್ತದೆ’ ಎಂಬ ಭಾಗವನ್ನು ಕೆಲವರು ಸೇರಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಅದನ್ನು ಬಿಡುವುದೇ ಒಳ್ಳೆಯದು, ಏಕೆಂದರೆ ಜಗಳ ಹುಟ್ಟುವುದೇ ಅಲ್ಲಿ. ಮಾದರಿಗೆ ಒಂದು:

‘ಪಟ್ಟಣದ ಚೌಕದಲ್ಲಿರುವ ಸಾರ್ವಜನಿಕ ಶೌಚಾಲಯ ಕಳೆದ ಅಕ್ಟೋಬರ್‌ನಿಂದ ಮುಚ್ಚಿರುವುದನ್ನೂ, 2017ರ ಸಾರ್ವಜನಿಕ ಆರೋಗ್ಯ ಕಾಯ್ದೆಯಂತೆ ಈ ಕೌಂಟಿಯು ಶೌಚಾಲಯಗಳ ಬಗ್ಗೆ ಕಾರ್ಯನೀತಿ ಹೊಂದಿರಬೇಕೆಂಬುದನ್ನೂ ಈ ಕೌನ್ಸಿಲ್ ಗಮನಿಸುತ್ತದೆ. ಅದನ್ನು ಮತ್ತೆ ತೆರೆಯುವ ಅಥವಾ ಪಟ್ಟಣ ಕೌನ್ಸಿಲ್‌ಗೆ ವಹಿಸಿಕೊಡುವ ಸಾಧ್ಯತೆ ಮತ್ತು ಖರ್ಚಿನ ವರದಿಯನ್ನು ಮೂರು ತಿಂಗಳೊಳಗೆ ಸಿದ್ಧಪಡಿಸುವಂತೆ ಕ್ಯಾಬಿನೆಟ್ಟನ್ನು ಕೋರಲು, ಮತ್ತು ಆ ವರದಿಯನ್ನು ಪರಿಶೀಲನಾ ಸಮಿತಿಯ ಮುಂದಿಡಲು ಈ ಕೌನ್ಸಿಲ್ ನಿರ್ಣಯಿಸುತ್ತದೆ.’

ಇಲ್ಲಿ ‘ತೆರೆಯಲೇಬೇಕು’ ಎಂದು ಬರೆಯದಿರುವುದಕ್ಕೆ ಎರಡು ಕಾರಣಗಳಿವೆ. ಆ ಕಾಯ್ದೆ ಕಾರ್ಯನೀತಿಯನ್ನು ಕಡ್ಡಾಯ ಮಾಡಿದೆಯೇ ಹೊರತು ಶೌಚಾಲಯ ಒದಗಿಸುವುದನ್ನಲ್ಲ. ಎರಡನೆಯದಾಗಿ, ಬಜೆಟ್‌ನಲ್ಲಿಲ್ಲದ ಖರ್ಚನ್ನು ಹೇರುವ ಗೊತ್ತುವಳಿ ಬಂದರೆ ಅಧಿಕಾರಿಗಳ ವರದಿ ಬರುವವರೆಗೆ ಅದನ್ನು ಮುಂದೂಡುವ ನಿಯಮ ಅನೇಕ ಕೌನ್ಸಿಲ್‌ಗಳಲ್ಲಿದೆ. ನೇರ ಖರ್ಚೇ ಬೇಕಿದ್ದರೆ ಬಜೆಟ್ ಚರ್ಚೆಯ ಕಾಲವನ್ನು ಹಿಡಿಯಬೇಕು. ಕೌನ್ಸಿಲ್ ತೆರಿಗೆಯನ್ನು ಪ್ರತಿ ವರ್ಷ ಮಾರ್ಚ್ 11ರೊಳಗೆ ನಿಗದಿಮಾಡಬೇಕಾದ್ದರಿಂದ ಆ ಚರ್ಚೆ ಚಳಿಗಾಲದಲ್ಲೇ ನಡೆದುಹೋಗುತ್ತದೆ.

ಸೂಚಕರೂ ಅನುಮೋದಕರೂ ಸಹಿ ಮಾಡಿದ ಪ್ರತಿಯನ್ನು ಸಭಾ ವ್ಯವಹಾರ ವಿಭಾಗಕ್ಕೆ ಇಷ್ಟು ದಿನ ಮುಂಚೆ ಕೊಡಬೇಕೆಂದು ಸಂವಿಧಾನದಲ್ಲಿ ಬರೆದಿರುತ್ತದೆ. ಈ ಗಡುವು ಕೌಂಟಿಯಿಂದ ಕೌಂಟಿಗೆ ಬೇರೆ, ಕಾರ್ಯಸೂಚಿ ಪ್ರಕಟವಾಗುವ ದಿನಕ್ಕಿಂತ ಸಾಕಷ್ಟು ಮುಂಚಿನದು. ಕೊನೆಯ ಗಂಟೆಗೆ ಕಾಯದಿರಲು ಇನ್ನೊಂದು ಕಾರಣವಿದೆ: ಗೊತ್ತುವಳಿ ವೆಲ್ಷ್ ಮತ್ತು ಇಂಗ್ಲಿಷ್ ಎರಡರಲ್ಲೂ ಅಚ್ಚಾಗಬೇಕು. ಉದ್ದುದ್ದ ವಾಕ್ಯಗಳ ಕರಡು ಅನುವಾದಕರ ಕೈಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಹಂತ 6: ಸಭೆಯ ದಿನ

ಪೂರ್ಣ ಕೌನ್ಸಿಲ್ ಸಭೆಯನ್ನು ನೇರಪ್ರಸಾರ ಮಾಡುವುದು ಈಗ ಕಾನೂನಿನ ಕಟ್ಟಳೆ, ಆದ್ದರಿಂದ ಮನೆಯಲ್ಲೇ ನೋಡಬಹುದು. ಭಾಷೆಯ ಬಗ್ಗೆ ಸಿದ್ಧವಾಗಿರಿ. 2021ರ ಜನಗಣತಿಯಂತೆ ವೆಲ್ಷ್ ಬಲ್ಲವರು ಗ್ವಿನೆದ್‌ನಲ್ಲಿ ಶೇ. 64.4, ಕೆರೆಡಿಗಿಯನ್‌ನಲ್ಲಿ ಶೇ. 45.3, ಪೊವಿಸ್‌ನಲ್ಲಿ ಶೇ. 16.4. ಮೊದಲೆರಡು ಕಡೆ ಚರ್ಚೆಯ ಬಹುಭಾಗ ವೆಲ್ಷ್‌ನಲ್ಲಿ ನಡೆಯಬಹುದು. ಏಕಕಾಲದ ಅನುವಾದ ಕಿವಿಗೆ ಹಾಕುವ ಹೆಡ್‌ಫೋನ್‌ನಲ್ಲೋ ಆನ್‌ಲೈನ್‌ನಲ್ಲಿ ಬೇರೊಂದು ಧ್ವನಿವಾಹಿನಿಯಲ್ಲೋ ಸಿಗುತ್ತದೆ. ಆ ವಾಹಿನಿಯನ್ನು ಸಭೆ ಆರಂಭವಾಗುವ ಮುಂಚೆಯೇ ಹುಡುಕಿಟ್ಟುಕೊಳ್ಳಿ. ಸಭೆಯಲ್ಲಿ ‘ಕಂಗೋರ್’ ಎಂದು ಕೇಳಿಬರುವ ಪದದ ಅರ್ಥ ಕೌನ್ಸಿಲ್ ಎಂದೇ.

ನಡೆಯುವ ಕ್ರಮ ಹೀಗೆ: ಸೂಚಕರು ಮಂಡಿಸುತ್ತಾರೆ, ಅನುಮೋದಕರು ಬೆಂಬಲಿಸುತ್ತಾರೆ ಅಥವಾ ತಮ್ಮ ಮಾತನ್ನು ಕಾದಿರಿಸುತ್ತಾರೆ, ಚರ್ಚೆ, ಕೊನೆಗೆ ಸೂಚಕರ ಉತ್ತರ, ಮತ. ಅನುಮೋದಕರಿಲ್ಲದ ಗೊತ್ತುವಳಿ ಅಲ್ಲಿಗೇ ಬಿತ್ತು. ನಡುವೆ ತಿದ್ದುಪಡಿ ಬಂದರೆ ಮೊದಲು ಅದಕ್ಕೆ ಮತ. ಅದು ಗೆದ್ದರೆ ತಿದ್ದಿದ ರೂಪವೇ ಮುಂದಿನ ಚರ್ಚೆಯ ಗೊತ್ತುವಳಿಯಾಗುತ್ತದೆ. ಅದಕ್ಕೆ ಮತ್ತೊಮ್ಮೆ ಮತ ಬೀಳಬೇಕು. ತಿದ್ದುಪಡಿ ಗೆದ್ದದ್ದನ್ನೇ ಅಂತಿಮ ಗೆಲುವೆಂದು ಭಾವಿಸಿ ಪ್ರಸಾರ ಆರಿಸಿದವರಿದ್ದಾರೆ. ಮೂಲವನ್ನು ಪೂರ್ತಿ ತಿರುಗಿಸಿಹಾಕುವ ತಿದ್ದುಪಡಿಗೆ ಅವಕಾಶವಿಲ್ಲ, ಆದರೆ ‘ಮೂರು ತಿಂಗಳು’ ಎಂಬುದನ್ನು ‘ಸೂಕ್ತ ಸಮಯದಲ್ಲಿ’ ಎಂದು ಬದಲಿಸುವ ಮೃದುವಾದ ತಿದ್ದುಪಡಿ ಬಂದೇ ಬರುತ್ತದೆ. ಎಲ್ಲಿಯವರೆಗೆ ಒಪ್ಪಬಹುದು, ಎಲ್ಲಿ ಒಪ್ಪಬಾರದು ಎಂದು ನಿಮ್ಮ ಸದಸ್ಯರ ಜೊತೆ ಮೊದಲೇ ಮಾತನಾಡಿಕೊಂಡಿರಿ. ನನ್ನನ್ನು ಕೇಳಿದರೆ, ಉಳಿದದ್ದನ್ನೆಲ್ಲ ಬಿಟ್ಟುಕೊಟ್ಟರೂ ದಿನಾಂಕವನ್ನು ಬಿಟ್ಟುಕೊಡಬಾರದು.

ಸಭೆಯಲ್ಲಿ ‘ಕ್ರಿಯಾಲೋಪ’ ಎಂದು ಯಾರಾದರೂ ಎದ್ದರೆ ನಿಯಮ ಮುರಿದಿದೆ ಎಂಬ ಆಕ್ಷೇಪ ಅದು, ಹೆಚ್ಚಾಗಿ ಗಾಬರಿಪಡುವಂಥದ್ದಲ್ಲ. ವಿಷಯದಲ್ಲಿ ವೈಯಕ್ತಿಕ ಹಿತಾಸಕ್ತಿ ಇರುವ ಸದಸ್ಯರು ಅದನ್ನು ಘೋಷಿಸಬೇಕು, ತೀರ್ಮಾನವನ್ನು ಬಾಧಿಸುವಷ್ಟು ಗಾಢವಾದ ಹಿತಾಸಕ್ತಿಯಾದರೆ ಹೊರನಡೆಯಬೇಕು. ನಿಮ್ಮ ಬೆಂಬಲಿಗರೇ ಹಾಗೆ ಎದ್ದುಹೋದರೆ ಕೈಕೊಟ್ಟರೆಂದು ತಿಳಿಯಬೇಡಿ.

ಹಂತ 7: ಸಭೆಯ ನಂತರ

ಸಮುದಾಯ ಕೌನ್ಸಿಲ್ ತನ್ನ ಸಭೆಯ ತೀರ್ಮಾನಗಳ ಟಿಪ್ಪಣಿಯನ್ನು ಏಳು ಕೆಲಸದ ದಿನಗಳೊಳಗೆ ಆನ್‌ಲೈನ್‌ನಲ್ಲಿ ಪ್ರಕಟಿಸಬೇಕು. ಅದನ್ನು ತೆಗೆದು ಶಬ್ದಶಃ ಓದಿ. ನಡಾವಳಿಯಲ್ಲಿ ‘ಗಮನಿಸಲಾಯಿತು’ ಎಂದಿದ್ದರೆ ಏನೂ ಆಗಿಲ್ಲವೆಂದೇ ಅರ್ಥ, ‘ನಿರ್ಣಯಿಸಲಾಯಿತು’ ಎಂದಿರಬೇಕು. ಕೌಂಟಿಯ ಠರಾವಾದರೆ ಗಡುವಿನ ತಿಂಗಳ ಕ್ಯಾಬಿನೆ‌ಟ್ ಮತ್ತು ಪರಿಶೀಲನಾ ಸಮಿತಿಯ ಮುನ್ನೋಟದ ಕಾರ್ಯಪಟ್ಟಿಯನ್ನು ನೋಡುತ್ತಿರಿ. ವಿಷಯ ಅಲ್ಲಿ ಕಾಣದಿದ್ದರೆ ನಿಮ್ಮ ಸದಸ್ಯರು ಮುಂದಿನ ಪೂರ್ಣ ಸಭೆಯಲ್ಲಿ ಸಂಬಂಧಿಸಿದ ಕ್ಯಾಬಿನೆಟ್ ಸದಸ್ಯರಿಗೆ ಲಿಖಿತ ಪ್ರಶ್ನೆ ಕೇಳಬಹುದು. ಸೋತಿದ್ದರೆ, ಅದೇ ಅರ್ಥದ ಗೊತ್ತುವಳಿಯನ್ನು ಆರು ತಿಂಗಳವರೆಗೆ ಮತ್ತೆ ತರಲು ಸಾಮಾನ್ಯವಾಗಿ ಅವಕಾಶವಿರುವುದಿಲ್ಲ; ನಿಗದಿತ ಸಂಖ್ಯೆಯ ಸದಸ್ಯರ ಸಹಿ ಇದ್ದರೆ ಮಾತ್ರ ವಿನಾಯಿತಿ.

ಗೊತ್ತುವಳಿ ಸರಿಯಾದ ದಾರಿಯಲ್ಲದಿರುವಾಗ

ಶಾಲೆ ಮುಚ್ಚುವ ಪ್ರಸ್ತಾವ ಇದಕ್ಕೆ ಒಳ್ಳೆಯ ಉದಾಹರಣೆ. ಅದಕ್ಕೆ ಪ್ರತ್ಯೇಕ ಕಾನೂನುಬದ್ಧ ದಾರಿಯಿದೆ: ಕನಿಷ್ಠ 42 ದಿನಗಳ ಸಮಾಲೋಚನೆ, ಅದರಲ್ಲಿ ಕನಿಷ್ಠ 20 ಶಾಲಾ ದಿನಗಳು, ಆಮೇಲೆ ಪ್ರಕಟಣೆ, ಮತ್ತೆ 28 ದಿನಗಳ ಆಕ್ಷೇಪಣೆಯ ಅವಧಿ. ಹಳ್ಳಿ ಶಾಲೆಗಳನ್ನು ಮುಚ್ಚಬಾರದೆಂಬುದೇ ಆರಂಭದ ನಿಲುವಾಗಿರಬೇಕೆಂದು 2018ರ ಶಾಲಾ ವ್ಯವಸ್ಥೆಯ ಸಂಹಿತೆ ಹೇಳುತ್ತದೆ. ಹಾಗೆಂದರೆ ಮುಚ್ಚಲೇಬಾರದು ಎಂದಲ್ಲ. ಬೇರೆ ದಾರಿಗಳನ್ನೆಲ್ಲ ಪರಿಶೀಲಿಸಿದ್ದೇವೆ ಎಂದು ಕೌನ್ಸಿಲ್ ತೋರಿಸಬೇಕು. ಹಾಗಾಗಿ ನಿಮ್ಮ ಉತ್ತರದಲ್ಲಿ ಶಾಲೆಯ ಮೇಲಿನ ಪ್ರೀತಿಯ ಜೊತೆಗೆ ಯಾವ ಪರ್ಯಾಯವನ್ನು ಪರಿಶೀಲಿಸಿಲ್ಲ ಎಂಬುದನ್ನು ಬರೆಯಿರಿ. ಇಲ್ಲಿ ಒಂದು ಸೂಕ್ಷ್ಮವನ್ನು ತಪ್ಪಿಸಿಕೊಂಡವರು ಬಹಳ: ಸಮಾಲೋಚನೆಯ ಹಂತದಲ್ಲಿ ಕಳಿಸಿದ ಪತ್ರ ನಂತರದ ಆಕ್ಷೇಪಣೆಯಾಗಿ ಎಣಿಕೆಯಾಗುವುದಿಲ್ಲ. ಪ್ರಕಟಣೆ ಬಂದ ಮೇಲೆ ಮತ್ತೊಮ್ಮೆ ಬರೆಯಬೇಕು.

ಕಟ್ಟಡ ಅರ್ಜಿಗೂ ಠರಾವು ತಕ್ಕದ್ದಲ್ಲ. ಸಾಮಾನ್ಯವಾಗಿ 21 ದಿನಗಳ ಅವಧಿಯೊಳಗೆ ಆಕ್ಷೇಪಣೆ ಸಲ್ಲಬೇಕು. ಸಮುದಾಯ ಕೌನ್ಸಿಲ್‌ನ ಅಭಿಪ್ರಾಯವನ್ನೂ ಕೇಳುತ್ತಾರೆ, ಆದರೆ ಅದು ತಿಂಗಳಿಗೊಮ್ಮೆ ಸೇರುವುದರಿಂದ ಗಡುವು ಜಾರಿಹೋಗುವುದುಂಟು. ಅದರ ಉತ್ತರವನ್ನು ನೆಚ್ಚಿ ಕೂರದೆ ನಿಮ್ಮದನ್ನು ನೀವೇ ಕಳಿಸಿ.

ಬೆಂಬಲಿಗರ ಸಂಖ್ಯೆಯೇ ನಿಮ್ಮ ಬಲವಾಗಿದ್ದರೆ ಮನವಿಪತ್ರ ಒಳ್ಳೆಯದು. ಪ್ರತಿ ಕೌಂಟಿಯೂ ಮನವಿಪತ್ರಗಳ ಪದ್ಧತಿಯೊಂದನ್ನು ಪ್ರಕಟಿಸಿರಬೇಕು; ಎಷ್ಟು ಸಹಿಯಾದರೆ ಚರ್ಚೆ, ಯಾರ ಸಹಿ ನಡೆಯುತ್ತದೆ ಎಂಬುದು ಅದರಲ್ಲಿರುತ್ತದೆ. ಸಹಿ ಸಂಗ್ರಹಿಸುವ ಮುಂಚೆ ಅದನ್ನು ಓದಿ. ವಿಳಾಸ, ಪಿನ್‌ಕೋಡ್ ಇಲ್ಲದ ಸಹಿಗಳನ್ನು ಎಣಿಕೆಯಿಂದ ತೆಗೆಯುತ್ತಾರೆ, ಮತ್ತು ಬೆಂಗಳೂರಿನಲ್ಲಿರುವ ನಿಮ್ಮ ಅಣ್ಣ ಅತ್ತಿಗೆಯ ಸಹಿಗಳು ಅಲ್ಲಿ ಲೆಕ್ಕಕ್ಕಿಲ್ಲ.